ಮರಳಿನಲ್ಲಿ ನಾಲ್ಕು ಸೂಜಿ

“ಮೇಡಂ, ವಿಜ್ಞಾನ, ತಂತ್ರಜ್ಞಾನ ಇವನ್ನೆಲ್ಲ ಯಾವ ವಯಸ್ಸಿಗೆ ಶುರು ಮಾಡಬೇಕು? ನಾಲ್ಕು ವರ್ಷದ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದಕ್ಕೂ ಬರುವುದಿಲ್ಲ” ಎಂದಳು ಮಧುಮತಿ. ಅವಳು ಶಿಶುವಿಹಾರದ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದಳು. ಉಳಿದವರೂ ಹೌದೆಂದು ತಲೆದೂಗಿದರು.

ಪಾಠ ಮಾಡುತ್ತಿದ್ದ ನೀಲಾಂಬಿಕೆ ಮೇಡಂ ಪುಸ್ತಕ ಮುಚ್ಚಿಟ್ಟು ಹೇಳತೊಡಗಿದರು.

ನಿನ್ನ ಹಾಗೆಯೇ ತರಬೇತಿಯಲ್ಲಿದ್ದ ಒಬ್ಬ ಶಿಕ್ಷಕಿ ಇದ್ದಳು. ಮಕ್ಕಳ ಮುಂದೆ ಬಟ್ಟೆಯ ಗೊಂಬೆ ಹೊಲಿದು ಕತೆ ಹೇಳಬೇಕೆಂದು ಹತ್ತು ಸೂಜಿಗಳನ್ನು ತಂದಳು. ಅಂಗಳ ದಾಟುವಾಗ ಎಡವಿದಳು. ಸೂಜಿಗಳೆಲ್ಲ ಮಕ್ಕಳು ಆಡುವ ಮರಳಿನಲ್ಲಿ ಬಿದ್ದವು. ಆರು ಸಿಕ್ಕವು, ನಾಲ್ಕು ಸಿಗಲಿಲ್ಲ.

ಮಕ್ಕಳು ಬರಿಗಾಲಿನವರು. ಶಿಕ್ಷಕಿ ಎಲ್ಲರನ್ನೂ ಜಗಲಿ ಹತ್ತಿಸಿ, ಮಂಡಿಯೂರಿ ಹುಡುಕಿದಳು. ಬೆರಳಿಗೆ ಮರಳಲ್ಲದೆ ಬೇರೇನೂ ತಾಗಲಿಲ್ಲ.

ಹುಸ್ನಾ ಎಂಬ ಹುಡುಗಿ ತನ್ನ ಚೀಲದಿಂದ ಕಪ್ಪು ಬಳೆಯಂಥದೊಂದನ್ನು ತೆಗೆದಳು. ಅವಳ ತಂದೆ ಮೈಕ್ ಸೆಟ್ ರಿಪೇರಿ ಮಾಡುವವನು. ಅದು ಒಡೆದ ಸ್ಪೀಕರಿನ ಆಯಸ್ಕಾಂತ.

“ಟೀಚರ್, ಅಪ್ಪನ ಸ್ಕ್ರೂ ಬಿದ್ರೆ ಇದೇ ಹುಡ್ಕೋದು.”

“ಈಗ ಆಟ ಬೇಡ, ಕೂತ್ಕೋ” ಎಂದು ಶಿಕ್ಷಕಿ ಗದರಿದಳು. ಹುಡುಗಿ ಕೂರಲಿಲ್ಲ, ಚಾಚಿದ ಕೈಯನ್ನೂ ಹಿಂತೆಗೆಯಲಿಲ್ಲ. ಬೇರೆ ದಾರಿ ಕಾಣದೆ ಶಿಕ್ಷಕಿ ಅದನ್ನು ತೆಗೆದುಕೊಂಡು ಮರಳಿನ ಮೇಲೆ ಆಡಿಸಿದಳು.

ಟಿಕ್ ಎಂದಿತು. ಒಂದು ಸೂಜಿ! ಜಗಲಿಯ ಮೇಲಿನ ಮಕ್ಕಳು ಕುಣಿದರು. ಎರಡನೆಯದು ಸಿಕ್ಕಿತು, ಮೂರನೆಯದೂ ಸಿಕ್ಕಿತು. ನಾಲ್ಕನೆಯದು ಮಾತ್ರ ಸಿಗಲೇ ಇಲ್ಲ.

“ಅದು ಕೆಳಗೆ ಹೋಗಿದೆ. ಮರಳು ತೆಳ್ಳಗೆ ಮಾಡಿ” ಎಂದಳು ಹುಸ್ನಾ.

ಶಿಕ್ಷಕಿ ಗೋಣಿಚೀಲ ಹಾಸಿ, ಮರಳನ್ನು ಬೊಗಸೆ ಬೊಗಸೆಯಾಗಿ ತಂದು ಹರಡಿದಳು. ಪ್ರತಿ ಸಲವೂ ಮಕ್ಕಳು ಉಸಿರು ಬಿಗಿಹಿಡಿದರು. ಹನ್ನೊಂದನೆಯ ಬೊಗಸೆಯಲ್ಲಿ ಮತ್ತೆ ಟಿಕ್ ಎಂದಿತು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಆಮೇಲೆ ಮಕ್ಕಳನ್ನು ತಡೆಯುವವರು ಯಾರು? ಆಯಸ್ಕಾಂತ ಕಿಟಕಿಯ ಸರಳಿಗೆ ಅಂಟಿತು. ಬಾಗಿಲಿಗೆ ಅಂಟಲಿಲ್ಲ. ಸ್ಲೇಟಿಗಿಲ್ಲ, ಹಿತ್ತಾಳೆ ಗಂಟೆಗಿಲ್ಲ. ಹಚ್ಚುವ ಮೊದಲೇ “ಅಂಟುತ್ತೆ!”, “ಅಂಟಲ್ಲ!” ಎಂದು ಕೂಗಾಡಿದರು. ಸ್ಟೀಲ್ ಲೋಟಕ್ಕೆ ಎಲ್ಲರೂ “ಅಂಟುತ್ತೆ” ಎಂದರು. ಅಂಟಲಿಲ್ಲ.

“ಯಾಕೆ ಟೀಚರ್?”

ಶಿಕ್ಷಕಿ ನಕ್ಕುಬಿಟ್ಟಳು. “ನನಗೂ ಗೊತ್ತಿಲ್ಲ. ಇನ್ನೊಂದು ಲೋಟ ತನ್ನಿ, ನೋಡೋಣ” ಎಂದಳು. ಗೊಂಬೆಯ ಕತೆ ಅಂದು ನಡೆಯಲೇ ಇಲ್ಲ.

ಮೇಡಂ ಮಾತು ನಿಲ್ಲಿಸಿದರು. ಮಧುಮತಿ ಬಿಡಲಿಲ್ಲ. “ಆದರೆ ಮೇಡಂ, ಯಾವ ವಯಸ್ಸಿಗೆ ಶುರು ಮಾಡಬೇಕೆಂದು ನೀವು ಹೇಳಲೇ ಇಲ್ಲ.”

“ಅದು ಆಗಲೇ ಶುರುವಾಗಿದೆಯಮ್ಮ; ಯಾವ ವಯಸ್ಸಿಗೆ ನಿಲ್ಲಿಸಬೇಕೆಂದಿದ್ದೀಯೆ, ಅದನ್ನು ಹೇಳು.”