ಬೀದಿಗೆಲ್ಲ ತಿಳಿದ ಸುದ್ದಿ

"ಗುರುಗಳೇ, ಯಾರಿಗೂ ಕೆಟ್ಟದ್ದು ಬಯಸದ ಜನ ಸೇರಿ ಒಬ್ಬರಿಗೆ ಅನ್ಯಾಯ ಮಾಡಬಲ್ಲರೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನೇಕಾರರ ಬೀದಿಯಲ್ಲಿ ಹಂಪವ್ವ ಎಂಬ ಮುದುಕಿ ಒಬ್ಬಳೇ ವಾಸವಾಗಿದ್ದಳು. ಬಹುಕಾಲ ಮಗ್ಗದ ಸದ್ದಿನಲ್ಲಿ ದುಡಿದು ಅವಳ ಕಿವಿ ಮಂದವಾಗಿತ್ತು. ಓದು ಬರುತ್ತಿರಲಿಲ್ಲ. ಅದೇ ಬೀದಿಯ ಕಾಶೀಬಾಯಿ ಅವಳ ಗೆಳತಿ. ಸಂಜೆಯಾದರೆ ಕಾಶೀಬಾಯಿ ಬಂದು, ಮನೆ ಮುಂದಿನ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದಳು. ಬೀದಿಗೆಲ್ಲ ಕೇಳಿಸುತ್ತಿತ್ತು. ಹಾದುಹೋಗುವವರು ನಕ್ಕು, ನಿಂತು, ತಾವೂ ಒಂದು ಮಾತು ಸೇರಿಸುತ್ತಿದ್ದರು.

ಆಮೇಲೆ ಬೀದಿಯವರು ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡರು. ಮದುವೆ, ನಾಮಕರಣ, ನಲ್ಲಿಗೆ ನೀರು ಬಿಡುವ ಹೊತ್ತು, ಎಲ್ಲವೂ ಅದರಲ್ಲೇ ಬರತೊಡಗಿತು. ಒಳ್ಳೆಯದೇ ಆಯಿತು. ದುಡಿಯಲು ದೂರ ಹೋದವರೂ ಬೀದಿಯ ಜೊತೆಗೇ ಉಳಿದರು. ನಿಂತು ಹೇಳುವ ಕೆಲಸ ಮಾತ್ರ ಯಾರಿಗೂ ಉಳಿಯಲಿಲ್ಲ. ಹಂಪವ್ವನಿಗೆ ಕಾಶೀಬಾಯಿ ಇದ್ದಳು. ಹಾಗಾಗಿ ಅವಳಿಗೆ ಆ ಕೊರತೆ ಗೊತ್ತಾಗಲಿಲ್ಲ.

ಒಂದು ಬೇಸಿಗೆಯಲ್ಲಿ ಕಾಶೀಬಾಯಿ ಕಾಯಿಲೆ ಬಿದ್ದಳು. ಗೆಳತಿಗೆ ಹೇಳಿ, ಮಗನ ಜೊತೆ ಪಟ್ಟಣದ ಆಸ್ಪತ್ರೆಗೆ ಹೋದಳು. ಅಲ್ಲೇ ತೀರಿಕೊಂಡಳು. ಮಗಳ ಮನೆ ಅಲ್ಲೇ ಇದ್ದುದರಿಂದ ಅಲ್ಲೇ ಮಣ್ಣು ಮಾಡುವುದೆಂದಾಯಿತು. ಮಗ ಅಳುತ್ತಲೇ ಗ್ರೂಪಿಗೆ ಸುದ್ದಿ ಹಾಕಿದ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಟೆಂಪೊ ಮಾಡಿಕೊಂಡು ಮಣ್ಣಿಗೆ ಹೋಗಿಬಂದರು. ಹಂಪವ್ವನಿಗೆ ಯಾರಾದರೂ ಹೇಳಿರುತ್ತಾರೆ, ಪ್ರಯಾಣ ಆಗದೆಂದು ಅವಳು ಬಂದಿಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಅವಳೋ ಮನೆಮನೆಗೂ ಬೀಗ ಕಂಡು, ಎಲ್ಲೋ ಮದುವೆ ಇರಬೇಕು ಅಂದುಕೊಂಡಳು.

ಕರ್ಮಗಳು ಮುಗಿದ ಮೇಲೆ ಮಗ ಮನೆಗೆ ಮರಳಿದ. ಹಂಪವ್ವ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಬಂದಳು.

"ಆಸ್ಪತ್ರಿ ಊಟ ಅಕಿಗೆ ಸೇರೂದಿಲ್ಲಪ್ಪಾ. ಇದನ್ನ ಒಯ್ದು ಕೊಡು. ಯಾವಾಗ ಬರ್ತಾಳ ನಿಮ್ಮವ್ವ?"

ಅವನು ಹೇಳಿದ. ಅವಳಿಗೆ ಕೇಳಿಸಲಿಲ್ಲ. ಆ ಮಾತನ್ನು ಕೂಗಿ ಹೇಳಲು ಅವನಿಂದ ಆಗಲಿಲ್ಲ. ಕೈ ಹಿಡಿದು ಒಳಗೆ ಕರೆದೊಯ್ದ. ಗೋಡೆಯ ಮೇಲೆ ಪಟ್ಟಣದಿಂದ ತಂದ ತಾಯಿಯ ಫೋಟೊ ಇತ್ತು. ಕರ್ಮದ ದಿನ ಅದಕ್ಕೆ ಹಾಕಿದ ಹಾರ ಆಗಲೇ ಒಣಗಿತ್ತು.

ಹಂಪವ್ವ ಬಹಳ ಹೊತ್ತು ನೋಡಿದಳು.

"ನನಗ ಯಾಕ ಹೇಳಲಿಲ್ಲೋ? ನಾ ಏನು ತಪ್ಪು ಮಾಡಿದ್ನಿ?" ಎಂದಳು.

ವಿಷಯ ತಿಳಿದು ಬೀದಿಯವರು ಒಬ್ಬೊಬ್ಬರೇ ಬಂದರು, ಅತ್ತರು. ಅವಳು ಯಾರನ್ನೂ ಬೈಯಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟಳು. ಆದರೆ ಅಂದಿನಿಂದ ಯಾರ ಮನೆಯ ಸುದ್ದಿಯನ್ನೂ ಕೇಳಲಿಲ್ಲ. ಸಂಜೆ ಕಟ್ಟೆಗೆ ಬಂದು ಕೂರುವುದನ್ನೂ ಬಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅವಳಿಗೂ ಯಾರಾದರೂ ಒಂದು ಮೊಬೈಲ್ ಕೊಡಿಸಿ, ನೋಡುವುದನ್ನು ಕಲಿಸಿದ್ದರೆ ಆಗುತ್ತಿರಲಿಲ್ಲವೇ?"

"ಅದಕ್ಕಾದರೂ ಒಬ್ಬರು ಅವಳ ಬಾಗಿಲಿಗೆ ಹೋಗಬೇಕಿತ್ತಲ್ಲ" ಎಂದರು ಗುರುಗಳು.