ಕಾವಲು ಕಾದ ಸೆಲ್ಲು

ಗವಿ ನೋಡಲು ಹೊರಟ ಅಂಬುಜಾಕ್ಷಿ ಚೀಲದಲ್ಲಿ ಟಾರ್ಚಿನ ಪಕ್ಕಕ್ಕೇ ಒಂದು ಹೊಸ ಸೆಲ್ಲನ್ನೂ ಹಾಕಿಕೊಂಡಳು. ಟಾರ್ಚಿನೊಳಗಿದ್ದ ಹಳೆಯ ಸೆಲ್ಲಿಗೆ ಆಗಿನಿಂದಲೇ ಕಸಿವಿಸಿ.

“ನೀನ್ಯಾಕಪ್ಪಾ ಬಂದೆ?”

“ನೀವು ದಣಿದರೆ ಇರಲಿ ಅಂತ, ಅಣ್ಣಾ.”

“ದಣಿಯಲಿ ಅಂತ ಕಾಯ್ತಿದ್ದೀನಿ ಅನ್ನು!”

“ನಾನಿನ್ನೂ ಪೊಟ್ಟಣದಿಂದಲೇ ಹೊರಬಂದಿಲ್ಲವಲ್ಲ!”

“ಮಸಲತ್ತು ಮಾಡುವವರು ಒಳಗೇ ಇರೋದು.”

ಕತ್ತಲ ಚೀಲದಲ್ಲಿ ಇವನು ಏನು ಮಾಡಿಯಾನೋ ಎಂದು ಹಳೆಯದು ದೀಪ ಹೊತ್ತಿಸಿತು. ಗುಡ್ಡ ಹತ್ತುವಷ್ಟೂ ಹೊತ್ತು, ಸುಡು ಮಧ್ಯಾಹ್ನದಲ್ಲಿ, ಹೊಸದರ ಮುಖದಿಂದ ಬೆಳಕು ಸರಿಸಲೇ ಇಲ್ಲ.

ಗವಿಯ ಬಾಗಿಲಲ್ಲಿ ಟಾರ್ಚಿಗೆ ಮಿಣಕ್ ಎನ್ನಲೂ ತ್ರಾಣವಿರಲಿಲ್ಲ. ಅಂಬುಜಾಕ್ಷಿ ಅಂಗೈಗೆ ಎರಡು ಸಲ ಬಡಿದು ನೋಡಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಳು.

ಹೊಸ ಸೆಲ್ಲು ಕೂತಲ್ಲೇ ಸರಿಯಾಗಿ ಒರಗಿಕೊಂಡು ಟಾರ್ಚನ್ನು ಮೆಲ್ಲಗೆ ಕೇಳಿತು: “ಚೀಲದಲ್ಲಿ ಬೇರೆ ಯಾರೂ ಇಲ್ಲ ತಾನೆ?”