ಹೆಣ್ಣು ಕೊಟ್ಟು ತಂದ ಸಂಧಿ

ರಾಜನೀತಿ ಓದುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹಗೆಗಳ ನಡುವೆ ಹೆಣ್ಣು ಕೊಟ್ಟು ತಂದರೆ ಆ ಸಂಧಿ ಮುರಿಯುವುದಿಲ್ಲ ಎಂದು ದೇಶದೇಶದ ಪಂಡಿತರೆಲ್ಲ ಬರೆದಿದ್ದಾರೆ. ನಿಜವೇ, ಗುರುಗಳೇ?"

ಗುರುಗಳು ಕತೆ ಹೇಳಿದರು.

ಇಬ್ಬರು ಪಾಳೆಯಗಾರರಿದ್ದರು. ಹಾವು ಮುಂಗುಸಿಯ ಹಾಗೆ ಕಾದಾಡಿ, ಎರಡೂ ಕಡೆ ಮನೆಗೊಂದು ಹೆಣ ಬಿದ್ದ ಮೇಲೆ ಬುದ್ಧಿ ಬಂತು. ಹಿರಿಯ ಪಾಳೆಯಗಾರ ತನ್ನ ಮಗಳನ್ನು ಕಿರಿಯನಿಗೆ ಕೊಟ್ಟ. ಕತ್ತಿಗಳು ಒರೆ ಸೇರಿದವು, ಹುಡುಗಿ ಗಂಡನ ಮನೆ ಸೇರಿದಳು.

ಗಂಡ ಮುಂಗೋಪಿ. ಮಾತಿಗೆ ಮೊದಲು ಅವನ ಕೈ ಏಳುತ್ತಿತ್ತು. ತವರಿಗೆ ಒಂದು ಮಾತು ಮುಟ್ಟಿದರೆ ಅಣ್ಣ ದಂಡು ಕಟ್ಟಿಕೊಂಡು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಮಗ ಹುಟ್ಟಿದ ಮೇಲಂತೂ ಭಯ ಇಮ್ಮಡಿಯಾಯಿತು. ಈ ಕಡೆ ಸಾಯುವವನು ಮಗ, ಆ ಕಡೆ ಸಾಯುವವನು ಅಣ್ಣ. ಸಾರಿಗೆ ಉಪ್ಪು ಹೆಚ್ಚಾದರೂ ಎರಡು ಸೀಮೆ ಹೊತ್ತಿ ಉರಿದೀತೆಂದು ಮತ್ತೆ ಮತ್ತೆ ರುಚಿ ನೋಡುತ್ತಿದ್ದಳು.

ಒಂದು ಗೌರಿಹಬ್ಬಕ್ಕೆ ಅಣ್ಣ ಬಾಗಿನ ತಂದ. ಹಿಂದಿನ ದಿನವಷ್ಟೇ ಗಂಡ ಕೈ ತಿರುಚಿದಾಗ ಬಳೆ ಒಡೆದು, ಅವಳ ಮಣಿಕಟ್ಟು ಸೀಳಿತ್ತು. ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ಅಣ್ಣನಿಗೆ ಮಣೆ ಹಾಕಿದಳು. ಅವನ ಕಿವಿಗೆ ಏನೋ ಬಿದ್ದಿತ್ತು. ಜೊತೆಗೆ ಬಂದ ಸವಾರರು ಬಾಗಿಲಲ್ಲೇ ನಿಂತಿದ್ದರು, ಕುದುರೆಗಳ ಜೀನು ಬಿಚ್ಚಿರಲಿಲ್ಲ.

"ಈ ಬಳೆ ನನ್ನ ಕಣ್ಣೆದುರಿಗೇ ತೊಟ್ಕೊಳ್ಳವ್ವ. ಅವ್ವ ಕೇಳ್ತಾಳೆ," ಅಂದ ಅಣ್ಣ.

ಅವಳು ಸೆರಗಿನ ಮರೆಯಲ್ಲೇ ತೊಟ್ಟಳು. ಹಸಿ ಗಾಯದ ಮೇಲೆ ಬಳೆ ಉಜ್ಜಿಕೊಂಡು ಕೂತಾಗ ಜೀವ ಹೋದಂತಾಯಿತು. ಗಾಯ ಮುಚ್ಚುವಷ್ಟು ಬಳೆ ಏರಿಸಿ, ನಗುತ್ತ ಕೈ ಚಾಚಿ ತೋರಿಸಿದಳು. ಮಣೆಯ ಪಕ್ಕ ಒಂದು ಹನಿ ಬಿತ್ತು.

"ಇದೇನೇ ಕೆಂಪಗೆ?"

"ಕುಂಕುಮ ಕಣಣ್ಣ. ಪೂಜೆ ಮಾಡೋವಾಗ ಚೆಲ್ಲಿತು. ಸುಖವಾಗಿದೀನಿ ಅಂತ ಅವ್ವಂಗೆ ಹೇಳು."

ಅಣ್ಣ ಬಹಳ ಹೊತ್ತು ಅವಳ ಮುಖ ನೋಡಿದ. ಅವಳು ನಗು ಬಿಡಲಿಲ್ಲ. ಕೊನೆಗೆ ಎದ್ದು ಹೊರಗೆ ಹೋಗಿ ಜೀನು ಬಿಚ್ಚಲು ಹೇಳಿದ. ಆಗ ಅವಳಿಗೆ ಉಸಿರು ಬಂತು.

ಮುಂದೊಮ್ಮೆ ಒಬ್ಬ ಪಂಡಿತ ಬಂದ. ಈ ಸಂಧಿ ಹೇಗೆ ಬಾಳಿತೆಂದು ಗ್ರಂಥ ಬರೆಯುವ ಹುಮ್ಮಸ್ಸು ಅವನಿಗೆ. ಮಾವನನ್ನು ಕೇಳಿದರೆ ಎಲ್ಲ ತನ್ನ ಮುಂದಾಲೋಚನೆ ಎಂದ. ಅಳಿಯ ತನ್ನ ದೊಡ್ಡ ಮನಸ್ಸು ಎಂದ. ಪಂಡಿತ ಎರಡನ್ನೂ ಬರೆದುಕೊಂಡ. ಊಟಕ್ಕೆ ಕೂತಾಗ ಬಡಿಸಿದವಳು ಅವಳೇ. ಅವಳನ್ನು ಅವನು ಕೇಳಿದ್ದು ಇನ್ನೊಂದು ಸೌಟು ಮಜ್ಜಿಗೆ.

ಅವಳು ಬದುಕಿರುವವರೆಗೂ ಆ ಸೀಮೆಗಳಲ್ಲಿ ಯುದ್ಧವಾಗಲಿಲ್ಲ.

ಕತೆ ಮುಗಿಯಿತು. ಶಿಷ್ಯ ಅಂದ: "ಪಾಪ, ಆಕೆಗೆ ಕಷ್ಟವಾಯಿತು, ನಿಜ. ಆದರೂ ಅಷ್ಟು ವರ್ಷ ಒಂದು ಹನಿ ರಕ್ತವೂ ಬೀಳಲಿಲ್ಲವಲ್ಲ, ಗುರುಗಳೇ!"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಹಾಗಾದರೆ ನಿನ್ನ ಕಣ್ಣಿಗೂ ಅದು ಕುಂಕುಮವೇ ಆಯಿತೇನಪ್ಪ?"